ಕಾಲಕ್ಕನ ಅಧಿಕಾರಪತ್ರ: ಏಳನೆಯ ಕಂತು

"ಕಾಗದ ಎಲ್ಲಾ ಸರಿಯಾಗೇ ಇತ್ತು ಅಕ್ಕ," ಅಂದ ಗುಮಾಸ್ತ, ತಲೆ ಎತ್ತದೆ.

"ಕಾಗದ ಸರಿ ಇತ್ತು, ಒಪ್ಪಿದೆ. ತಂದವನು?"

ಗುಮಾಸ್ತ ಮುದ್ರೆಯ ಪೆಟ್ಟಿಗೆಯನ್ನು ಸುಮ್ಮನೆ ಆಚೆಗೊಂದು ಸಲ, ಈಚೆಗೊಂದು ಸಲ ಸರಿಸಿದ. ನೋಂದಣಿ ಕಚೇರಿಯ ಈ ಎರಡನೇ ಕೌಂಟರಿನಲ್ಲಿ ಹೇಗೆ ಕೂರಬೇಕು, ಹೇಗೆ ಓದಬೇಕು, ಮುದ್ರೆ ಒತ್ತುವ ಮೊದಲು ಎಷ್ಟು ಸಲ ಯೋಚಿಸಬೇಕು ಅನ್ನುವುದನ್ನೆಲ್ಲ ಅವನಿಗೆ ಕಲಿಸಿದವಳೇ ಎದುರಿಗೆ ನಿಂತಿದ್ದಳು. ಇಪ್ಪತ್ತಾರು ವರ್ಷ ಇದೇ ಕುರ್ಚಿಯಲ್ಲಿ ಕೂತು, ಅನುಮಾನ ಬಂದ ಒಂದೊಂದು ದಸ್ತಾವೇಜಿಗೂ ಒಂದೊಂದು ಕೊಕ್ಕೆ ಹಾಕಿ ವಾಪಸ್ ಕಳಿಸಿ, ಕೊನೆಗೆ 'ಕೊಕ್ಕೆಯಕ್ಕ' ಅನ್ನುವ ಹೆಸರನ್ನೂ ಪಿಂಚಣಿಯ ಜೊತೆಗೇ ಮನೆಗೆ ಒಯ್ದವಳು. ಈಗ ವಕೀಲನಾಗಿರುವ ತಂಗಿಯ ಮಗನಿಗೆ ಪತ್ತೆ ಕೆಲಸ ಮಾಡಿಕೊಡುತ್ತಾಳೆ.

"ಮಾರಾಟಪತ್ರ ತೆಗಿ," ಅಂದಳು.

ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಮಾತು ಕಳೆದುಕೊಂಡ ಕಾಲಕ್ಕನ ಕಾರ್ಖಾನೆಯನ್ನು, ಅವಳ ಅಧಿಕಾರಪತ್ರ ಹಿಡಿದು ಬಂದ ತಮ್ಮ ಹತ್ತೇ ದಿನದಲ್ಲಿ ಮಾರಿ ಕೈತೊಳೆದುಕೊಂಡಿದ್ದ. ಯಾರಿಗೆ ಮಾರಿದ ಅನ್ನುವುದೊಂದು ಇನ್ನೂ ತಿಳಿದಿರಲಿಲ್ಲ.

ಕಾಲಕ್ಕ ಅಂದರೆ ಕಾಲು ಮಾಡುವ ಅಕ್ಕ. ಅಪಘಾತದಲ್ಲೋ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರ ಅಳತೆ ತೆಗೆದು, ಅಚ್ಚು ಹೊಯ್ದು, ಅವರವರ ನಡಿಗೆಗೆ ಒಗ್ಗುವ ಕೃತಕ ಕಾಲು ಮಾಡಿಕೊಡುತ್ತಿದ್ದಳು. ಊರಿನ ಅರ್ಧ ಜನ ಅವಳ ಕಾಲ ಮೇಲೆ ನಿಂತಿದ್ದಾರೆ ಅನ್ನುವುದು ಆ ಬೀದಿಯ ಹಳೇ ತಮಾಷೆ.

ಕೊಕ್ಕೆಯಕ್ಕ ಕನ್ನಡಕ ಮೂಗಿಗೇರಿಸಿ ಮಾರಾಟಪತ್ರವನ್ನು ಮೊದಲ ಅಕ್ಷರದಿಂದ ಓದತೊಡಗಿದಳು. ಎರಡನೇ ಪುಟದಲ್ಲಿ ಅವಳ ಬೆರಳು ನಿಂತಿತು. ಮೊದಲ ಪುಟಕ್ಕೆ ವಾಪಸ್ ಹೋಯಿತು. ಮತ್ತೆ ಎರಡಕ್ಕೆ ಬಂತು.

"ಇಲ್ಲಿ ಬಾ. ಮಾರಿದವನ ಮನೆ ವಿಳಾಸ ಓದು."

ಓದಿದ.

"ಈಗ ಕೊಂಡವಳದ್ದು ಓದು."

ಓದಲು ಶುರು ಮಾಡಿದವನು ಅರ್ಧಕ್ಕೇ ನುಂಗಿಕೊಂಡ. ಎರಡೂ ಒಂದೇ ಬೀದಿ, ಒಂದೇ ಮನೆ, ಒಂದೇ ಮಹಡಿ.

"ಹೆಂಡ್ತಿ," ಅಂದಳು ಕೊಕ್ಕೆಯಕ್ಕ. "ಎಡಗೈಯಿಂದ ಬಲಗೈಗೆ ಮಾರಿದ್ದಾನೆ. ನೀನು ನಡುವೆ ಕೂತು ಮುದ್ರೆ ಒತ್ತಿದ್ದೀಯ."

"ಹೆಂಡ್ತಿಗೆ ಮಾರಬಾರದು ಅಂತ ಅಧಿಕಾರಪತ್ರದಲ್ಲಿ ಬರೆದಿಲ್ವಲ್ಲ ಅಕ್ಕ..."

"ಕಳ್ಳತನ ಮಾಡಬಾರದು ಅಂತ ನಿನ್ನ ಮನೆ ಬಾಗಿಲ ಮೇಲೆ ಬರೆದಿದ್ದೀಯೇನೋ?" ಪಕ್ಕದ ಕೌಂಟರಿನ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳೇ ಹೊರತು ಸಿಟ್ಟು ತಗ್ಗಿಸಲಿಲ್ಲ. "ಅಧಿಕಾರಪತ್ರ ತಗೊಂಡವನು ಮುಖ್ತ್ಯಾರ. ಮುಖ್ತ್ಯಾರ ಅಂದ್ರೆ ಕೊಟ್ಟವರ ಕೈ. ಕೊಟ್ಟವರ ಒಳ್ಳೇದಕ್ಕೆ ಮಾತ್ರ ಆ ಕೈ ಆಡಬೇಕು ಅಂತ ರಾಜ್ಯದ ಕಾಯಿದೆ ಹೇಳುತ್ತೆ. ತನ್ನ ಲಾಭಕ್ಕೆ, ತನ್ನ ಹೆಂಡ್ತಿ ಲಾಭಕ್ಕೆ ಅಲ್ಲ. ಇದನ್ನ ನಿನಗೆ ಮೊದಲನೇ ವಾರವೇ ಹೇಳಿದ್ದೆ."

ಅವನು ಕಡತದಿಂದ ಇನ್ನೊಂದು ಹಾಳೆ ಎಳೆದು ಮುಂದಿಟ್ಟ. ತಪ್ಪು ಒಪ್ಪಿಕೊಳ್ಳುವ ಅವನ ರೀತಿಯೇ ಅದು. "ಇದನ್ನೂ ನೋಡಿ ಅಕ್ಕ. ಅವರು ಕೊಟ್ಟ ಪ್ರಮಾಣಪತ್ರ. ಇದನ್ನ ನೋಡೇ ನಾನು ನಂಬಿದ್ದು."

'ಅಧಿಕಾರಪತ್ರ ಬರೆದುಕೊಟ್ಟ ನನ್ನ ಅಕ್ಕ ಜೀವಂತವಾಗಿದ್ದಾರೆ. ಅವರ ಬುದ್ಧಿ ಸ್ವಾಧೀನದಲ್ಲಿದೆ. ಸದರಿ ಪತ್ರವನ್ನು ಅವರು ರದ್ದು ಮಾಡಿರುವುದಿಲ್ಲ.' ಕೆಳಗೆ ತಮ್ಮನ ಸಹಿ. ತಾರೀಕು ಹದಿನಾಲ್ಕು.

ಕೊಕ್ಕೆಯಕ್ಕ ತನ್ನ ಬಟ್ಟೆಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದಳು. ಕಾಲಕ್ಕನನ್ನು ಇಟ್ಟಿರುವ ಆರೈಕೆ ಮನೆಯ ದಾಖಲಾತಿ ಅರ್ಜಿಯ ನಕಲು ಅದು. ನ್ಯಾಯಾಲಯದ ಆದೇಶ ತೋರಿಸಿದ ಮೇಲಷ್ಟೇ ಅವರು ಕೊಟ್ಟಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟಳು.

'ರೋಗಿಗೆ ಬುದ್ಧಿ ಸ್ವಾಧೀನವಿಲ್ಲ. ಯಾರ ಗುರುತೂ ಹತ್ತುವುದಿಲ್ಲ. ನನ್ನ ಹೊರತು ಯಾರನ್ನೂ ಒಳಗೆ ಬಿಡಕೂಡದು.' ಅದೇ ಸಹಿ. ತಾರೀಕು ಹದಿಮೂರು.

ಗುಮಾಸ್ತ ಎರಡನ್ನೂ ಓದಿ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

"ಹತ್ತೊಂಬತ್ತು ವರ್ಷದ ಹಿಂದಿನ ಅಧಿಕಾರಪತ್ರ ಇದು," ಅಂದಳು ಕೊಕ್ಕೆಯಕ್ಕ. "ಕೊಟ್ಟವರ ಬುದ್ಧಿ ಹೋದ ಮೇಲೂ ಅಧಿಕಾರ ನಡೀಬೇಕು ಅಂದ್ರೆ, ಹಾಗಂತ ಅದರಲ್ಲೇ ಒಂದು ಸಾಲು ಇರಬೇಕು. ಈ ಪತ್ರದಲ್ಲಿ ಆ ಸಾಲು ಇಲ್ಲ. ಮೂರು ಸಲ ಓದಿದ್ದೀನಿ. ಅಂದ್ರೆ ಅವಳಿಗೆ ಬುದ್ಧಿ ಇಲ್ಲ ಅಂತಾದ್ರೆ ಪತ್ರ ಅವತ್ತೇ ಸತ್ತಿದೆ, ಮಾರಾಟ ನಿಲ್ಲಲ್ಲ. ಬುದ್ಧಿ ಇದೆ ಅಂತಾದ್ರೆ, ಬುದ್ಧಿ ಇರೋ ಹೆಂಗಸನ್ನ ಮೂರು ತಿಂಗಳಿಂದ ಕೂಡಿಹಾಕಿದ್ದಾನೆ. ಯಾವುದು ಬೇಕೋ ಅವನೇ ಆರಿಸಿಕೊಳ್ಳಲಿ. ಮಾರಾಟಪತ್ರ, ಪ್ರಮಾಣಪತ್ರ ಎರಡಕ್ಕೂ ದೃಢೀಕರಿಸಿದ ನಕಲು ಕೊಡು. ಮಧ್ಯಾಹ್ನದೊಳಗೆ ಬೇಕು."

"ಈಗಲೇ ಮಾಡಿಕೊಡ್ತೀನಿ ಅಕ್ಕ," ಅಂದ ಅವನು. ಈ ಸಲ ಮುದ್ರೆ ಒತ್ತುವ ಮೊದಲು ಹಾಳೆಯನ್ನು ಎರಡು ಸಲ ಓದಿದ.

ಕಾರ್ಖಾನೆ ಇದ್ದದ್ದು ಎರಡು ಬೀದಿ ಆಚೆ. ತಗಡಿನ ಮಾಡು, ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿ. ಬಾಗಿಲಿಗೆ ಹೊಸ ಬೀಗ, ಮುಷ್ಟಿಯಷ್ಟು ದಪ್ಪದ್ದು. ತಂಗಿಯ ಮಗ ವಕೀಲ ಕರಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಗೋಡೆಗೊರಗಿ ಕಾಯುತ್ತಿದ್ದ. ಮೆಟ್ಟಿಲ ಮೇಲೆ ಅಚ್ಚಿನವಳು ಕೂತಿದ್ದಳು.

ಅಚ್ಚಿನವಳೇ ಈ ಮೊಕದ್ದಮೆ ಹೂಡಿದವಳು. ಹನ್ನೆರಡು ವರ್ಷದಿಂದ ಕಾಲಕ್ಕನ ಹತ್ತಿರ ಅಚ್ಚು ಹೊಯ್ಯುವ ಕೆಲಸ. ಮಂಡಿಯಿಂದ ಕೆಳಗೆ ಅವಳ ಎಡಗಾಲೂ ಕಾಲಕ್ಕ ಮಾಡಿದ್ದೇ. 'ಕೂಲಿಯವಳಿಗೆ ಇದರಲ್ಲಿ ಏನು ಹಕ್ಕು?' ಅಂತ ತಮ್ಮನ ವಕೀಲ ನ್ಯಾಯಾಲಯದಲ್ಲಿ ಕೇಳಿದಾಗ ಅವಳು ಆ ಕಾಲನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, "ಇದು ಅವರು ಕೊಟ್ಟಿದ್ದು ಸ್ವಾಮಿ. ಇದರ ಮೇಲೆ ನಿಂತೇ ಕೇಳ್ತಿದ್ದೀನಿ," ಅಂದಿದ್ದಳು. ಕೊಟ್ಟವರ ಕ್ಷೇಮದ ಬಗ್ಗೆ ನಿಜವಾದ ಕಾಳಜಿ ಇರುವ ಯಾರೇ ಆಗಲಿ ಮುಖ್ತ್ಯಾರನ ನಡತೆಯನ್ನು ಪ್ರಶ್ನಿಸಬಹುದು ಅನ್ನುವ ಕಲಮನ್ನು ನ್ಯಾಯಾಧೀಶರು ಆಗ ಗಟ್ಟಿಯಾಗಿ ಓದಿ, ಕಾಲಕ್ಕನನ್ನು ನೋಡಲು ಇವತ್ತಿನ ಮೂರು ಗಂಟೆಯಿಂದ ನಾಲ್ಕರವರೆಗೆ ಅನುಮತಿ ಕೊಟ್ಟಿದ್ದರು. ಬುದ್ಧಿ ಇದೆಯೋ ಇಲ್ಲವೋ ಪರೀಕ್ಷಿಸಲು ನ್ಯಾಯಾಲಯವೇ ಒಬ್ಬ ಮಾತಿನ ಡಾಕ್ಟರನ್ನೂ ಗೊತ್ತುಮಾಡಿತ್ತು.

"ದೊಡ್ಡಮ್ಮ, ಸಿಕ್ಕಿತಾ?" ಅಂದ ವಕೀಲ.

"ಸಿಕ್ಕಿತು. ಹೆಂಡ್ತಿ."

"ಅಯ್ಯೋ ಪಾಪಿ," ಅಂದಳು ಅಚ್ಚಿನವಳು.

ಗಾಜಿನಾಚೆ, ಗೋಡೆಯುದ್ದಕ್ಕೂ ಹಾಕಿದ ಹಲಗೆಗಳ ಮೇಲೆ ಕಾಲುಗಳು ಸಾಲಾಗಿ ನಿಂತಿದ್ದವು. ಉದ್ದದ್ದು, ಗಿಡ್ಡದ್ದು, ಮಂಡಿಯವರೆಗಿನದು, ತೊಡೆಯವರೆಗಿನದು. ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಹೆಸರಿನ ಚೀಟಿ. ಕಾಲಕ್ಕ ಬೀಳುವ ಹಿಂದಿನ ದಿನ ಹದಿನೇಳು ಕಾಲು ಮುಗಿದು, ಪಟ್ಟಿ ಬಿಗಿದು, ಕೊಂಡೊಯ್ಯಲು ತಯಾರಾಗಿದ್ದವು. ಅವುಗಳ ಯಜಮಾನರಲ್ಲಿ ಇಬ್ಬರು ಬೀಗದ ಈಚೆ ನಿಂತಿದ್ದರು.

ಒಬ್ಬ ಅಂಚೆಯವನು, ಎರಡು ಕಂಕುಳಲ್ಲೂ ಊರುಗೋಲು. "ಎರಡನೇ ಸಾಲಲ್ಲಿ ಮೂರನೇದು ನಂದು," ಅಂದ ಕೊಕ್ಕೆಯಕ್ಕನಿಗೆ, ಯಾರೋ ಪರಿಚಯದವರನ್ನು ತೋರಿಸುವ ಹಾಗೆ. "ದಿನಾ ಬಂದು ನೋಡ್ಕೊಂಡು ಹೋಗ್ತೀನಿ. ಕಾಲಿಲ್ಲದೋನು ಕಾಗದ ಹೇಗೆ ಹಂಚ್ತಾನೆ ಅಂತ ಮೇಲಿನವರು ಕೇಳ್ತಾರೆ. ಸರಿಯಾಗೇ ಕೇಳ್ತಾರೆ."

ಇನ್ನೊಬ್ಬಳು ಒಂಬತ್ತು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತ ತಾಯಿ. ಅಷ್ಟು ದೊಡ್ಡ ಹುಡುಗಿಯನ್ನು ಹೊತ್ತು ಅವಳ ಸೊಂಟ ಒಂದು ಕಡೆ ವಾಲಿತ್ತು. "ಒಳಗಿರೋ ಕಾಲು ಬೆಳೆಯಲ್ಲ ಕಣ್ರೀ," ಅಂದಳು. "ಇವಳು ಬೆಳೀತಾಳೆ. ಇನ್ನೆರಡು ತಿಂಗಳು ಬಿಟ್ಟು ಕೊಟ್ರೆ ಅದು ಇವಳಿಗಾಗಲ್ಲ, ಇವಳ ಗೊಂಬೆಗಾಗುತ್ತೆ. ಕಾಲಕ್ಕನ ತಮ್ಮನಿಗೆ ಕೈ ಮುಗಿದು ಹೇಳಿದೆ, ನಮ್ಮ ಕಾಲು ನಮಗೆ ಕೊಟ್ಬಿಡಿ ಸ್ವಾಮಿ ಅಂತ. ಅದು ಈಗ ಅಂಗಡಿ ಮಾಲು, ಬೆಲೆ ಹೊಸದಾಗಿ ಕಟ್ಟಬೇಕು ಅಂದ್ರು."

ಕೊಕ್ಕೆಯಕ್ಕನಿಗೆ ಅಂಗಾಲಿಂದ ನೆತ್ತಿಯವರೆಗೆ ಉರಿ ಹತ್ತಿತು. ಕಾಗದದ ಮೋಸ ಅವಳು ಸಾವಿರ ಕಂಡಿದ್ದಳು. ಗಡಿಗೆರೆ ಸರಿಸಿದವರು, ಸತ್ತವರ ಹೆಬ್ಬೆಟ್ಟು ಒತ್ತಿಸಿದವರು, ತಂದೆಯ ಹೆಸರು ತಿದ್ದಿದವರು. ಆದರೆ ಮಗುವಿನ ಕಾಲನ್ನು ಗಾಜಿನಾಚೆ ಇಟ್ಟು ಬೀಗ ಜಡಿದವನನ್ನು ಇವತ್ತೇ ನೋಡುತ್ತಿರುವುದು.

"ಒಂದು ಕಲ್ಲು ಎತ್ತಿಹಾಕಿದ್ರೆ ಆ ಗಾಜು..." ಅಂತ ಶುರು ಮಾಡಿದಳು.

"ನಾವೇ ಕಳ್ಳರಾಗ್ತೀವಿ ದೊಡ್ಡಮ್ಮ," ಅಂದ ವಕೀಲ. "ಮೂರು ಗಂಟೆವರೆಗೆ ತಾಳಿ. ಕಾಲಕ್ಕನಿಗೆ ಅರಿವಿದೆ ಅಂತ ಡಾಕ್ಟರ ಮುಂದೆ ಸಾಬೀತಾಗಿ, ಪತ್ರ ರದ್ದು ಅಂತ ಅವರೇ ಒಂದು ಸೂಚನೆ ಕೊಟ್ರೆ ಸಾಕು. ನಾಳೆನೇ ನ್ಯಾಯಾಲಯ ಈ ಬೀಗ ತೆಗೆಸುತ್ತೆ."

"ಅರಿವಿದೆ ಸಾರ್, ನಾನು ಕಂಡಿದ್ದೀನಲ್ಲ," ಅಂದಳು ಅಚ್ಚಿನವಳು, ನೂರನೇ ಸಲ. ಮೊದಲ ವಾರ, ತಮ್ಮ ಬಂದು ಆರೈಕೆ ಮನೆಗೆ ಸಾಗಿಸುವ ಮೊದಲು, ಆಸ್ಪತ್ರೆಯಲ್ಲಿ ಅವಳನ್ನು ಒಂದೇ ಒಂದು ಸಲ ಒಳಗೆ ಬಿಟ್ಟಿದ್ದರು. ಕಾಲಕ್ಕ ಮಲಗಿದ್ದಲ್ಲಿಂದಲೇ ಅವಳ ಎಡಗಾಲನ್ನು ದಿಟ್ಟಿಸಿ ನೋಡಿದ್ದಳು, ಕಣ್ಣು ಕೀಳದೆ. ಯಾಕೆ ಅಂತ ಬಗ್ಗಿ ನೋಡಿಕೊಂಡರೆ ಅವಸರದಲ್ಲಿ ಪಟ್ಟಿಯನ್ನು ಒಂದು ತೂತು ಸಡಿಲ ಕಟ್ಟಿದ್ದಳು. ಬಿಗಿದುಕೊಂಡಳು. ಆಮೇಲಷ್ಟೇ ಕಾಲಕ್ಕ ಕಣ್ಣು ಮುಚ್ಚಿ ನಿದ್ದೆ ಹೋಗಿದ್ದಳು.

ಆರೈಕೆ ಮನೆ ಒಂದಂತಸ್ತಿನ ಉದ್ದನೆಯ ಕಟ್ಟಡ. ಫಿನಾಯಿಲ್ ವಾಸನೆ, ನಡುವೆ ಓಣಿಯಂಥ ಹಾದಿ, ಎರಡೂ ಕಡೆ ನಂಬರು ಬರೆದ ಬಾಗಿಲು. ಓಣಿಯ ಕೊನೆಯಲ್ಲಿ, ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ತಮ್ಮ ಕೂತಿದ್ದ. ಐವತ್ತೈದರ ಆಸುಪಾಸು, ನೀಟಾಗಿ ಬಾಚಿದ ಕ್ರಾಪು. ಇವರನ್ನು ಕಂಡದ್ದೇ ಎದ್ದು ಎರಡೂ ಕೈ ಜೋಡಿಸಿದ.

"ಬನ್ನಿ ಅಮ್ಮಾ, ಬಿಸಿಲಲ್ಲಿ ಬಂದಿದ್ದೀರಿ. ನೀರು ತರಿಸ್ಲಾ?"

"ನೀರು ಬೇಡ. ಒಂದು ಪ್ರಶ್ನೆ ಇದೆ," ಅಂದಳು ಕೊಕ್ಕೆಯಕ್ಕ, ನಿಂತೇ. "ನಿಮ್ಮಕ್ಕನಿಗೆ ಬುದ್ಧಿ ಇದೆಯೋ, ಇಲ್ವೋ?"

ಅವನು ನಿಟ್ಟುಸಿರು ಬಿಟ್ಟ. "ಏನು ಹೇಳ್ಲಿ. ನನ್ನನ್ನ ಎತ್ತಿ ಆಡಿಸಿದ ಅಕ್ಕ. ಈಗ ನಾನ್ಯಾರು ಅಂತಾನೂ ಗೊತ್ತಾಗಲ್ಲ."

"ಅಂದ್ರೆ ಇಲ್ಲ."

"ಇಲ್ಲ ಅಮ್ಮಾ."

"ಹಾಗಾದ್ರೆ ಹದಿನಾಲ್ಕನೇ ತಾರೀಕು ನೋಂದಣಿ ಕಚೇರೀಲಿ 'ಬುದ್ಧಿ ಸ್ವಾಧೀನದಲ್ಲಿದೆ' ಅಂತ ಪ್ರಮಾಣ ಮಾಡಿದ್ದು ಯಾರು, ನಿಮ್ಮ ನೆರಳಾ?" ನಕಲನ್ನು ಅವನ ಮೂಗಿನ ಮುಂದೆ ಹಿಡಿದಳು.

ಅವನ ಕಣ್ಣು ಹಾಳೆಯ ಮೇಲೆ ಒಂದು ಸಲ ಓಡಿ ಬಂತು. ಮುಖದ ನಗು ಮಾತ್ರ ಕದಲಲಿಲ್ಲ. "ಅದು ಕಚೇರಿ ಪದ್ಧತಿ. ಎಲ್ಲರೂ ಹಾಗೇ ಬರೆದುಕೊಡ್ತಾರೆ."

"ನಾನು ಇಪ್ಪತ್ತಾರು ವರ್ಷ ಆ ಕಚೇರೀಲಿದ್ದೆ. ಅಂಥ ಪದ್ಧತಿ ನಾನು ಕಂಡಿಲ್ಲ."

"ಲಕ್ವ ಹೊಡೆದೋರ ಸ್ಥಿತಿ ದಿನಕ್ಕೊಂದು ಥರ ಇರುತ್ತಮ್ಮಾ. ಹದಿಮೂರಕ್ಕೆ ಇರಲಿಲ್ಲ. ಹದಿನಾಲ್ಕಕ್ಕೆ ಸ್ವಲ್ಪ ಬಂದಿತ್ತು."

"ಆಮೇಲೆ ಹದಿನೈದಕ್ಕೆ ಮತ್ತೆ ಹೊರಟುಹೋಯ್ತು? ಬುದ್ಧಿನಾ ಅದು, ಬಸ್ಸಾ?" ಕೊಕ್ಕೆಯಕ್ಕನ ದನಿ ಓಣಿಯ ಆ ತುದಿಗೂ ಕೇಳಿತು. ಔಷಧಿ ತಟ್ಟೆ ಹಿಡಿದು ಬರುತ್ತಿದ್ದ ಮೇಟ್ರನ್ ಅಲ್ಲೇ ನಿಂತಳು. "ಮಾರುವಾಗ ಅಕ್ಕನಿಗೆ ಬುದ್ಧಿ ಇರಬೇಕು, ಮಾತಾಡಿಸೋಕೆ ಯಾರಾದ್ರೂ ಬಂದಾಗ ಬುದ್ಧಿ ಇರಬಾರದು. ನಿಮಗೆ ಬೇಕಾದ ಹಾಗೆ ಹಾಕಿ ತೆಗೆಯೋಕೆ ಅದೇನು ದೀಪದ ಸ್ವಿಚ್ಚಾ? ಕೊಂಡವಳು ನಿಮ್ಮ ಹೆಂಡ್ತಿ ಅನ್ನೋದೂ ಕಚೇರಿ ಪದ್ಧತಿನಾ?"

"ಹೊರಗಿನವರ ಪಾಲಾಗೋದು ಬೇಡ, ಮನೇಲೇ ಇರ್ಲಿ ಅಂತ..."

"ಯಾರ ಮನೇಲಿ? ಮುಖ್ತ್ಯಾರ ಇನ್ನೊಬ್ಬರ ಕೈ ರೀ. ನಮ್ಮ ಕೈ ಅಂತ ನಂಬಿ ಬಿಟ್ಟರೆ ಅದೇ ನಮ್ಮ ಕುತ್ತಿಗೆಗೆ ಬರೋದಾ? ಆ ಹದಿನೇಳು ಕಾಲು ಯಾಕೆ ಬೀಗ ಹಾಕಿ ಇಟ್ಟಿದ್ದೀರಿ? ಒಂಬತ್ತು ವರ್ಷದ ಮಗು ಅಮ್ಮನ ಸೊಂಟದ ಮೇಲೆ ಬಂದು ತನ್ನ ಕಾಲನ್ನ ಕಿಟಕೀಲಿ ನೋಡ್ಕೊಂಡು ಹೋಗುತ್ತೆ. ಅದನ್ನ ನೀವು ಕಂಡಿದ್ದೀರಾ?"

ಅವನು ಕರವಸ್ತ್ರ ತೆಗೆದು ಕಣ್ಣಿಗೊತ್ತಿಕೊಂಡ. ಒತ್ತಿಕೊಂಡ ಕರವಸ್ತ್ರದ ಮಡಿಕೆ ಬಿಚ್ಚಲಿಲ್ಲ. "ಹತ್ತೊಂಬತ್ತು ವರ್ಷ ಹಡಗಲ್ಲಿ ದುಡಿದೆ. ಊರಿನ ಮುಖ ನೋಡಲಿಲ್ಲ. ಮೂರು ತಿಂಗಳ ಹಿಂದೆ ಅಕ್ಕನಿಗೆ ಹೀಗಾಯ್ತು ಅಂತ ತಿಳಿದ ಕೂಡಲೇ ಎಲ್ಲಾ ಬಿಟ್ಟು ಓಡಿಬಂದೆ. ಅದಕ್ಕೆ ಸಿಕ್ಕಿದ ಬಹುಮಾನ ಇದು."

"ಯಾರು ತಿಳಿಸಿದ್ದು ನಿಮಗೆ?" ಹಿಂದೆ ನಿಂತಿದ್ದ ಅಚ್ಚಿನವಳು ಕೇಳಿದಳು.

"ಆಂ?"

"ಹಡಗಲ್ಲಿದ್ರಿ. ಯಾರು ತಿಳಿಸಿದ್ರು? ನಾವಂತೂ ತಿಳಿಸಿಲ್ಲ, ನಿಮ್ಮ ವಿಳಾಸಾನೇ ನಮ್ಮ ಹತ್ರ ಇರಲಿಲ್ಲ," ಅಂದಳು ಅಚ್ಚಿನವಳು. "ಅಕ್ಕನಿಗೂ ಗೊತ್ತಿರಲಿಲ್ಲ. ತಮ್ಮನಿಂದ ಒಂದು ಕಾಗದ ಬಂದು ಹದಿನಾರು ವರ್ಷ ಆಯ್ತು ಅಂತಿದ್ರು."

"ನೀನು ಸುಮ್ನಿರು," ಅಂದ ಅವನು, ಅವಳತ್ತ ತಿರುಗದೆ. ದನಿಯಿಂದ ಬೆಲ್ಲ ಒಂದು ಕ್ಷಣ ಕರಗಿಹೋಗಿತ್ತು. ತಕ್ಷಣ ಮತ್ತೆ ತಂದುಕೊಂಡ. "ರಕ್ತ ತಿಳಿಸುತ್ತಮ್ಮಾ. ಒಡಹುಟ್ಟಿದ ರಕ್ತ."

ಕೊಕ್ಕೆಯಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಓಣಿಯ ಗಡಿಯಾರ ಮೂರು ಹೊಡೆಯಿತು. ಮಾತಿನ ಡಾಕ್ಟರು ಒಂದು ಚಪ್ಪಟೆ ಚೀಲ ಹಿಡಿದು ಬಂದೇಬಿಟ್ಟಳು. ಗಡಿಬಿಡಿಯಿಲ್ಲದ, ಗಟ್ಟಿ ಹೆಜ್ಜೆಯ ಹೆಂಗಸು.

"ಎಲ್ಲರೂ ಒಳಗೆ ಬನ್ನಿ. ಯಾರೂ ರೋಗಿಯನ್ನ ಮುಟ್ಟಬಾರದು, ನಡುವೆ ಬಾಯಿ ಹಾಕಬಾರದು. ಮೇಟ್ರನ್, ನೀವೂ ಇರಿ."

ಹತ್ತನೇ ನಂಬರಿನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಮುಚ್ಚಿದ ಕಿಟಕಿ. ಮಂಚದ ಮೇಲೆ ಕಾಲಕ್ಕ. ಕತ್ತಿನಿಂದ ಕೆಳಗೆ ಎಲ್ಲವೂ ಯಾರೋ ಮಡಚಿಟ್ಟ ಬಟ್ಟೆಯ ಹಾಗೆ ಬಿದ್ದಿತ್ತು. ಆದರೆ ಕಣ್ಣು! ಕೊಕ್ಕೆಯಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಆ ಕಣ್ಣು ಒಬ್ಬೊಬ್ಬರನ್ನಾಗಿ ಎಣಿಸುತ್ತಾ ಬಂದು, ಅಚ್ಚಿನವಳ ಮೇಲೆ ನಿಂತು, ತುಂಬಿಕೊಂಡಿತು.

"ಅಕ್ಕಾ," ಅಂದಳು ಅಚ್ಚಿನವಳು.

ತಮ್ಮ ಮಂಚದ ಕಾಲುತುದಿಗೆ ಹೋಗಿ ಕೈಕಟ್ಟಿ ನಿಂತ.

ಡಾಕ್ಟರು ಹಾಸಿಗೆಯ ಹತ್ತಿರ ಕುರ್ಚಿ ಎಳೆದುಕೊಂಡಳು. "ನಾನು ಕೇಳಿದ್ದಕ್ಕೆ ಹೌದು ಅನ್ನೋದಾದ್ರೆ ಒಂದು ಸಲ ಕಣ್ಣು ಮುಚ್ಚಿ ತೆಗೀರಿ. ಇಲ್ಲ ಅನ್ನೋದಾದ್ರೆ ಎರಡು ಸಲ. ಅರ್ಥ ಆಯ್ತಾ?"

ಒಂದು ಸಲ.

"ನಿಮ್ಮ ಕೆಲಸ ಬಟ್ಟೆ ಹೊಲಿಯೋದು."

ಎರಡು ಸಲ.

"ಕಾಲು ಮಾಡೋದು."

ಒಂದು.

ಹೀಗೆ ಹನ್ನೊಂದು ಪ್ರಶ್ನೆ. ಹನ್ನೊಂದಕ್ಕೂ ಸರಿಯುತ್ತರ. ಡಾಕ್ಟರು ಪೆನ್ನು ತೆಗೆದು ಕಾಗದದ ಮೇಲೆ ಬರೆದುಕೊಂಡು, ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ರೋಗಿಗೆ ಪೂರ್ತಿ ಅರಿವಿದೆ."

ಮೂರು ತಿಂಗಳು! ಪೂರ್ತಿ ಅರಿವಿರುವ ಜೀವವೊಂದು ಮೂರು ತಿಂಗಳು ಈ ಗೋಡೆಗಳನ್ನು ನೋಡುತ್ತಾ ಮಲಗಿತ್ತು. ಅವಳಿಗೆ ಬುದ್ಧಿಯಿಲ್ಲ ಅಂತ ಬರೆದ ಒಂದು ಹಾಳೆಯನ್ನು ನಂಬಿ, ಇಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರೂ ಅವಳನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಕೊಕ್ಕೆಯಕ್ಕ ಮೇಟ್ರನ್ ಕಡೆ ನೋಡಿದಳು. ಮೇಟ್ರನ್ ನೆಲ ನೋಡಿದಳು.

ವಕೀಲ ರದ್ದತಿ ಪತ್ರವನ್ನು ಹಿಡಿದು ಮುಂದೆ ಬಂದ. "ಅಮ್ಮಾ, ಹತ್ತೊಂಬತ್ತು ವರ್ಷದ ಹಿಂದೆ ನಿಮ್ಮ ತಮ್ಮನಿಗೆ ಕೊಟ್ಟ ಅಧಿಕಾರಪತ್ರಾನ ಈಗ ರದ್ದು ಮಾಡ್ತೀರಾ?"

ಎಲ್ಲರೂ ಆ ಒಂದು ರೆಪ್ಪೆಗಾಗಿ ಕಾದರು.

ಕಾಲಕ್ಕ ಕಣ್ಣು ಮುಚ್ಚಲಿಲ್ಲ. ಒಂದು ಸಲವೂ ಇಲ್ಲ, ಎರಡು ಸಲವೂ ಇಲ್ಲ. ಡಾಕ್ಟರ ಚಪ್ಪಟೆ ಚೀಲದತ್ತ ನೋಡಿದಳು, ಡಾಕ್ಟರ ಮುಖ ನೋಡಿದಳು, ಮತ್ತೆ ಚೀಲ ನೋಡಿದಳು.

"ಬೇರೇನೋ ಹೇಳಬೇಕು ಅಂತಿದ್ದಾರೆ," ಅಂದಳು ಡಾಕ್ಟರು. ಚೀಲದಿಂದ ಅಕ್ಷರಮಾಲೆಯ ಹಲಗೆ ತೆಗೆದು ಎತ್ತಿ ಹಿಡಿದಳು. ಮೇಲಿಂದ ಕೆಳಗೆ ಒಂದೊಂದೇ ಸಾಲಿನ ಮೇಲೆ ಬೆರಳು ಓಡಿಸಿದಳು. ಬೇಕಾದ ಸಾಲು ಬಂದಾಗ ಕಾಲಕ್ಕ ಕಣ್ಣು ಮುಚ್ಚಿ ತೆಗೆದಳು. ಆಮೇಲೆ ಆ ಸಾಲಿನ ಅಕ್ಷರಗಳ ಮೇಲೆ ಬೆರಳು.

"ತ."

ಮತ್ತೆ ಮೇಲಿಂದ.

"ಮ."

ಮತ್ತೊಂದು ಸಲ.

"ಮ. ತ, ಮ, ಮ. ತಮ್ಮ."

"ನೋಡಿದ್ರಾ," ಅಂದ ತಮ್ಮ. "ನನ್ನನ್ನ ಕರೀತಿದ್ದಾಳೆ. ಅಕ್ಕಾ, ಇಲ್ಲೇ ಇದ್ದೀನಿ ಅಕ್ಕಾ." ಅವನು ಒಂದು ಹೆಜ್ಜೆ ಮುಂದಿಟ್ಟ. ಡಾಕ್ಟರು ಕೈಯೆತ್ತಿ ತಡೆದಳು. ಕಾಲಕ್ಕನ ಕಣ್ಣು ಹಲಗೆ ಬಿಟ್ಟು ಕದಲಿರಲಿಲ್ಲ.

"ಇನ್ನೂ ಇದೆ. ಅ. ಲ. ಮತ್ತೆ ಲ. ಅಲ್ಲ."

"ತಮ್ಮ ಅಲ್ಲ," ಅಂತ ವಕೀಲ ಜೋಡಿಸಿದ.

ಮೊದಲು ಸುಧಾರಿಸಿಕೊಂಡವನು ಬಿಳಿ ಅಂಗಿಯವನೇ.

"ಕೇಳಿದ್ರಲ್ಲ!" ಅಂದ. ಮುಖ ಬೆಳಗಿತ್ತು. "ತಪ್ಪು ಮಾಡಿದ್ದು ತಮ್ಮ ಅಲ್ಲ ಅಂತ ಅವಳೇ ಹೇಳ್ತಿದ್ದಾಳೆ. ಅರಿವಿದೆ ಅಂತ ನೀವೇ ಬರ್ಕೊಂಡಿರಿ ಡಾಕ್ಟ್ರೇ, ಇದನ್ನೂ ಬರ್ಕೊಳ್ಳಿ. ಇನ್ನೇನು ಬೇಕು ನಿಮಗೆಲ್ಲ?"

ವಕೀಲನ ಕೈಯಲ್ಲಿದ್ದ ರದ್ದತಿ ಪತ್ರ ಕೆಳಗಿಳಿಯಿತು.

ಕೊಕ್ಕೆಯಕ್ಕ ಮಾತ್ರ ಅಲುಗಲಿಲ್ಲ. ಎರಡು ಅರ್ಥ ಬರುವ ವಾಕ್ಯವನ್ನು ಅವಳು ಜನ್ಮದಲ್ಲೇ ಪಾಸು ಮಾಡಿದವಳಲ್ಲ. ಹಾಸಿಗೆಯ ಹತ್ತಿರ ಬಂದು, ಕಾಲಕ್ಕನ ಕಣ್ಣಿನ ಮಟ್ಟಕ್ಕೆ ಬಗ್ಗಿ ನಿಂತಳು.

"ಅಕ್ಕಾ, ಸರಿಯಾಗಿ ತಿಳ್ಕೋಬೇಕು ನಾನು. ಕಾರ್ಖಾನೆ ಮಾರಿದ್ದು ಇವನಲ್ಲ, ಬೇರೆ ಯಾರೋ ಅಂತಲಾ?"

ಎರಡು ಸಲ.

"ಇವನ ತಪ್ಪಿಲ್ಲ ಅಂತಲಾ?"

ಎರಡು ಸಲ.

ಕೊಕ್ಕೆಯಕ್ಕ ಮಂಚದ ಕಾಲುತುದಿಯಲ್ಲಿ ನಿಂತಿದ್ದ ಬಿಳಿ ಅಂಗಿಯತ್ತ ಬೆರಳು ತೋರಿಸಿದಳು.

"ಇವನು ನಿಮ್ಮ ತಮ್ಮನೇ ಅಲ್ಲ ಅಂತಲಾ?"

ಕಾಲಕ್ಕ ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಎರಡೂ ಕಡೆಯಿಂದ ನೀರು ಇಳಿದು ಕಿವಿಯವರೆಗೆ ಹೋಯಿತು. ಒಂದೇ ಸಲ.

"ಹುಚ್ಚು," ಅಂದ ಅವನು. "ಕಣ್ಣು ಮಿಟುಕಿಸಿದ್ದಕ್ಕೆಲ್ಲ ಅರ್ಥ ಕಟ್ಟೋಕೆ ಹೊರಟ್ರೆ ನಾನೂ ಏನು ಬೇಕಾದ್ರೂ ಹೇಳಿಸ್ತೀನಿ. ನನ್ನ ಗುರುತಿನ ಚೀಟಿ ಇದೆ. ಅವಳ ಕೈಯಾರೆ ಸಹಿ ಮಾಡಿದ ಅಸಲು ಪತ್ರ ನನ್ನ ಹತ್ರ ಇದೆ. ತಮ್ಮ ಅಲ್ದಿದ್ರೆ ಅದು ನನಗೆ ಎಲ್ಲಿಂದ ಬರುತ್ತೆ?"

ಅದೇ ಪ್ರಶ್ನೆ ಕೊಕ್ಕೆಯಕ್ಕನ ತಲೆಯಲ್ಲೂ ಎದ್ದಿತ್ತು. ಅವಳು ಅವನತ್ತ ತಿರುಗದೆ ಕಾಲಕ್ಕನನ್ನೇ ಕೇಳಿದಳು.

"ಹಾಗಾದ್ರೆ ನಿಮ್ಮ ತಮ್ಮ ಎಲ್ಲಿ ಅಕ್ಕಾ?"

ಡಾಕ್ಟರು ಮತ್ತೆ ಹಲಗೆ ಎತ್ತಿದಳು.

"ಇ. ಲ. ಲ."

"ಇಲ್ಲ," ಅಂದಳು ಅಚ್ಚಿನವಳು, ಬಾಯಿಗೆ ಕೈಯಿಟ್ಟುಕೊಂಡು. "ಅಯ್ಯೋ, ಹೋಗಿಬಿಟ್ರಾ?"

"ತಾಳಿ," ಅಂದಳು ಡಾಕ್ಟರು. "ಕೊನೆ ಅಕ್ಷರಕ್ಕೆ ಇನ್ನೇನಾದ್ರೂ ಸೇರಬೇಕಾ?"

ಒಂದು ಸಲ.

"ದೀರ್ಘವಾ?"

ಎರಡು.

"ಗುಡಿಸಾ?"

ಒಂದು.

"ಇಲ್ಲಿ," ಅಂದಳು ಡಾಕ್ಟರು, ಮೆಲ್ಲಗೆ. "ಇಲ್ಲಿ ಅಂತಿದ್ದಾರೆ."

"ಇಲ್ಲಿ ಅಂದ್ರೆ? ಬರೀ ಈ ಊರಲ್ಲಿ ಅಂತಲಾ?" ಕೇಳಿದ ವಕೀಲ.

ಕಾಲಕ್ಕ ಎರಡು ಸಲ ಕಣ್ಣು ಮುಚ್ಚಿದಳು. ಆಮೇಲೆ ಅವಳ ನೋಟ ಹಲಗೆಯಿಂದ ಜಾರಿ, ಡಾಕ್ಟರ ಭುಜದ ಮೇಲಿಂದ ಹಾದು, ಹಾಸಿಗೆಯ ಎಡಗಡೆಯ ಗೋಡೆಗೆ ಹೋಗಿ ನಿಂತಿತು.

ಕೊಕ್ಕೆಯಕ್ಕ ಮೇಟ್ರನ್ ಕಡೆ ತಿರುಗಿದಳು. "ಆ ಗೋಡೆಯಾಚೆ ಏನಿದೆ?"

"ಹನ್ನೊಂದನೇ ನಂಬರು," ಅಂದಳು ಮೇಟ್ರನ್. "ಒಬ್ರು ಗಂಡಸು ಇದ್ದಾರೆ. ಎಂಟು ತಿಂಗಳಿಂದ. ಹೆಸರು ಬೇರೆ ಕೊಟ್ಟಿದ್ದಾರೆ. ಬುದ್ಧಿ ಸ್ವಾಧೀನ ಇಲ್ಲ, ಯಾರನ್ನೂ ಬಿಡಬೇಡಿ ಅಂತ ಅವರಿಗೂ ಬರೆದಿದೆ. ದಿನಾ ಸಂಜೆ ಗೋಡೆ ಕಡೆ ಮುಖ ಮಾಡ್ಕೊಂಡು 'ಅಕ್ಕಾ, ಅಕ್ಕಾ' ಅಂತ ಕೂಗ್ತಾರೆ. ನಾವು ತಲೆಕೆಟ್ಟೋರು ಅಂತ..."

"ಅವರನ್ನ ತಂದು ಸೇರಿಸಿದ್ದು ಯಾರು?"

ಮೇಟ್ರನ್ ಬಿಳಿ ಅಂಗಿಯವನನ್ನು ನೋಡಿದಳು.

"ಇವರೇ," ಅಂದಳು. "ಅವರ ಅಧಿಕಾರಪತ್ರಾನೂ ಇವರ ಹತ್ರಾನೇ ಇದೆ."